ಏಳನೆಯ ಸಹಿ

ಒಕಾಪುವಿನಿಂದ ಏಳು ಜನರ ಹೆಸರು ಅಳಿಸಿ ನೈರೋಬಿಯ ಒಂದು ಕಂಪನಿ ತನ್ನ ಹೆಸರು ಬರೆದುಕೊಂಡಿತು. ಬೀಗ ಹಾಕಿತು. ಮಾರತೊಡಗಿತು.

ಒಕಾಪು ಅಂದರೆ ನಮ್ಮ ಲುವೊ ಭಾಷೆಯಲ್ಲಿ ಬುಟ್ಟಿ. ನಾವು ಮಾಡಿದ್ದು ಬರೆಯುವವರ ಬುಟ್ಟಿ. ಕಂಪ್ಯೂಟರಿನಲ್ಲಿ ಕಥೆಯೋ ನಾಟಕವೋ ಬರೆಯುತ್ತ ಸರಿಯಾದ ಮಾತು ಸಿಗದೆ ಕೈ ನಿಂತಾಗ ಹತ್ತು ಮಾತು ಎತ್ತಿ ಮುಂದಿಡುವ, ಬರೆದು ಮುಗಿಸಿದ್ದನ್ನು ಪುಸ್ತಕದ ಪುಟಗಳಾಗಿ ಜೋಡಿಸಿಕೊಡುವ ತಂತ್ರಾಂಶ. ಕಿಸುಮುವಿನ ಕೊಂಡೆಲೆಯಲ್ಲಿ, ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಶನಿವಾರ ಶನಿವಾರ ಓದಲು ಸೇರುತ್ತಿದ್ದ ಏಳು ಜನ ಆರು ವರ್ಷ ಕೂತು ಕಟ್ಟಿದ್ದು. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಷರತ್ತು ಎರಡೇ: ಮಾಡಿದವರ ಹೆಸರು ಅಳಿಸಬಾರದು, ತಿದ್ದಿದ್ದನ್ನು ಮುಚ್ಚಿಡಬಾರದು.

ಪ್ರೋಗ್ರಾಮ್ ಬರೆದವನು ಓವಿಟಿ. ಪುಟ ಜೋಡಿಸುವ ಭಾಗ ನನ್ನದು. ನಾನು ಮುದ್ರಣಾಲಯದಲ್ಲಿ ಬೇರೆಯವರ ಪುಸ್ತಕಗಳ ಪುಟ ಜೋಡಿಸಿ ಕಣ್ಣು ಸವೆಸಿಕೊಂಡವಳು. ಮಾತುಗಳನ್ನೆಲ್ಲ ತಂದವಳು ಅಪೊಂಡಿ. ಎಂಟನೇ ತರಗತಿಗೆ ಶಾಲೆ ಬಿಟ್ಟು, ಸರೋವರದ ಡುಂಗಾ ದಂಡೆಯಲ್ಲಿ ತಾಯಿಯ ಜೊತೆ ಮೀನು ಕರಿದು ಮಾರುತ್ತಿದ್ದಳು. ಮೀನಿಗೆ ಬಂದವರನ್ನು, ಬಲೆ ತೇಪೆ ಹಾಕುವವರನ್ನು, ಸಾವಿನ ಮನೆಗೆ ಅಳಲು ಹೊರಟ ಮುದುಕಿಯರನ್ನು ಹಿಡಿದು ಕೂರಿಸಿ ಹನ್ನೊಂದು ಸಾವಿರ ಮಾತು ಬರೆದುಕೊಂಡಳು. ಪ್ರತಿ ಮಾತಿನ ಪಕ್ಕದಲ್ಲಿ ಅದನ್ನು ಕೊಟ್ಟವರ ಹೆಸರು.

"ಇದೇನೇ, ಒಂದೊಂದು ಮಾತಿಗೂ ಸಾಕ್ಷಿ ಬರ್ಕೊತೀಯ?" ಎಂದು ನಾವು ನಗುತ್ತಿದ್ದೆವು.

"ಮೀನು ತಗೊಳ್ಳೋವಾಗ ಯಾವ ದೋಣೀದು ಅಂತ ಕೇಳಲ್ವಾ? ಇದೂ ಹಂಗೇ," ಎನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಹೆರಿಗೆಯಲ್ಲಿ ಸತ್ತಳು. ಆಸ್ಪತ್ರೆಯಲ್ಲಿ ರಕ್ತ ಇಲ್ಲ ಅಂದರಂತೆ.

ಆಮೇಲೆ ಓವಿಟಿ ನೈರೋಬಿಯ ಆ ಕಂಪನಿಗೆ ಕೆಲಸಕ್ಕೆ ಹೋದ. ಅವನ ಬೆನ್ನಿಗೇ ಒಕಾಪುವೂ ಹೋಯಿತು. ಹೆಸರು ಹೋದದ್ದು ಗೊತ್ತಾದಾಗ ನಾವು ಕಾಗದ ಬರೆದೆವು, ಉತ್ತರ ಬರಲಿಲ್ಲ. ಉತ್ತರ ಬಂದದ್ದು ನಮ್ಮ ಕಡೆಯ ಶಾಲೆಗಳಿಗೆಲ್ಲ ಅದನ್ನು ಒದಗಿಸುವ ದೊಡ್ಡ ಗುತ್ತಿಗೆ ಆ ಕಂಪನಿಗೆ ಸಿಗುವ ಹೊತ್ತಿಗೆ. ಗುತ್ತಿಗೆ ಕೊಡುವವರ ವಕೀಲ, ಇದು ನಿಮ್ಮದೇ ಅನ್ನುವುದಕ್ಕೆ ಕಾಗದ ತೋರಿಸಿ ಎಂದು ಕೂತ. ಏಳು ಜನರೂ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಬೇಕು. ಆಗ ನಾವೆಲ್ಲ ಅವರಿಗೆ ನೆನಪಾದೆವು.

ಓವಿಟಿ ತನ್ನದನ್ನು ಮೊದಲೇ ಹಾಕಿದ್ದ. ಉಳಿದ ನಾಲ್ವರೂ ಹಾಕಿದರು: ಒಬ್ಬನಿಗೆ ಕೆಲಸ, ಒಬ್ಬಳಿಗೆ ಲ್ಯಾಪ್‌ಟಾಪ್, ಇನ್ನಿಬ್ಬರಿಗೆ ಬರೀ ಹೆದರಿಕೆ. ನಾನೂ ಹಾಕಿದೆ. ಒಂಬತ್ತು ವರ್ಷ ಬರೆದ ಕಾದಂಬರಿ ನನ್ನದು. ನಾಲ್ಕು ಪ್ರಕಾಶಕರು "ಲುವೊದಲ್ಲಿ ಯಾರಮ್ಮ ಓದ್ತಾರೆ, ಇಂಗ್ಲಿಷಲ್ಲಿ ತಗೊಂಬಾ" ಎಂದು ವಾಪಸು ಕೊಟ್ಟದ್ದು. ಅದನ್ನು ಅಚ್ಚು ಹಾಕಿಸುತ್ತೇವೆ ಅಂದರು. ಏಳು ಸಹಿಯೂ ಕೈಸೇರಿದ ಮರುದಿನ.

ಏಳನೆಯದು ಸತ್ತವಳದ್ದು. ಅವಳ ಹಕ್ಕು ತಾಯಿಗೆ ಬಂದಿತ್ತು. ಓದುಬರಹ ಇಲ್ಲದ ಹೆಂಗಸು, ಹೆಬ್ಬೆಟ್ಟು ಒತ್ತಬೇಕು. ಓದಿ ಹೇಳಿ ಒತ್ತಿಸಿದೆ ಎಂದು ಸಾಕ್ಷಿ ಹಾಕಬೇಕಾದವಳು ನಾನು.

"ಪೂರ್ತಿ ಓದ್ಬೇಡ," ಎಂದ ಓವಿಟಿ, ಡುಂಗಾದ ಹಾದಿಯಲ್ಲಿ ಕಾರು ಓಡಿಸುತ್ತ. "ಮಗಳ ಕೆಲಸ ಕಾಪಾಡೋ ಕಾಗದ ಅನ್ನು. ಅದೇನು ಸುಳ್ಳಲ್ಲ."

ಮಿನ್ ಅಪೊಂಡಿ ಬಾಣಲೆಯ ಮುಂದೆ ಕೂತಿದ್ದಳು. ಮಿನ್ ಅಪೊಂಡಿ ಅಂದರೆ ಅಪೊಂಡಿಯ ತಾಯಿ. ಮಗಳು ಹೋದರೂ ಊರು ಅವಳನ್ನು ಕೂಗುವುದು ಹಾಗೆಯೇ.

"ಬಾರೇ ಉಗೆನ್ಯಾದವಳೇ," ಎಂದು ನನ್ನ ತವರಿನ ಹೆಸರು ಹಿಡಿದು ಕರೆದಳು. "ಎರಡು ವರ್ಷಕ್ಕೆ ದಾರಿ ನೆನಪಾಯ್ತಾ? ಇವನ್ಯಾರು, ಪಾದ್ರಿನಾ?"

"ನಾನವ್ವಾ, ಓವಿಟಿ. ನಿನ್ನ ಕೈಯಿಂದ ಎಷ್ಟು ಮೀನು ತಿಂದಿದೀನಿ!"

"ಅವಾಗ ಕೊರಳಿಗೆ ಹಗ್ಗ ಇರ್ಲಿಲ್ಲ. ಗುರ್ತು ಸಿಗಲಿಲ್ಲ."

ಪಕ್ಕದ ಬಾಣಲೆಯ ಹೆಂಗಸರು ನಕ್ಕರು. ಓವಿಟಿ ಟೈ ಸಡಿಲಿಸಿಕೊಂಡು, ತಂದಿದ್ದ ಎರಡು ಕಿಲೊ ಸಕ್ಕರೆ ಅವಳ ಪಕ್ಕ ಇಟ್ಟ. ನಾನು ಕಾಗದ ಬಿಚ್ಚಿ, ಅಪೊಂಡಿ ಮಾಡಿದ ಕೆಲಸ ಕಾಪಾಡುವುದಕ್ಕೆ ಇದು, ಎಂದೆ. ಅಷ್ಟೇ ಅಂದೆ.

"ಮೂರು ಹಾಳೆ ಇದೆ," ಎಂದಳು ಮಿನ್ ಅಪೊಂಡಿ. "ಇಷ್ಟು ಹೇಳೋಕೆ ಇಂಗ್ಲಿಷ್ನೋರಿಗೆ ಮೂರು ಹಾಳೆ ಬೇಕಾ? ಇರ್ಲಿ. ನಾನೇ ಕೇಳ್ತೀನಿ. ಓಚೊಲಾನ ಮಗಳು ಪದ್ಯ ಕಟ್ತಾಳೆ. ಅವಳು ನಿಮ್ಮ ಒಕಾಪುನ ಮನೆಗೆ ತಗೊಂಡೋಗ್ಬೋದಾ?"

"ಶಾಲೆ ಕಂಪ್ಯೂಟರಲ್ಲಿ ಇರತ್ತೆ ಅವ್ವ," ಎಂದ ಓವಿಟಿ.

"ಮನೆಗೆ ಅಂದೆ."

"ಇಲ್ಲ."

"ಈ ಪಕ್ಕದ ಬಾಣಲೆ ಅಕೆಲೊ ಹೊಸ ಮಾತೊಂದು ಕೊಟ್ರೆ ಅವಳೇ ಸೇರಿಸ್ಬೋದಾ? ನನ್ ಮಗಳು ಸೇರಿಸ್ತಿದ್ಲಲ್ಲ ಹಂಗೆ?"

"ಕಂಪನಿ ನೋಡ್ಕೊಳತ್ತೆ."

"ಅಕೆಲೊ ಹೆಸರು?"

ಓವಿಟಿ ಮಾತು ತೇಲಿಸಿದ. "ಹೆಸರಿಂದ ಏನು ಬರತ್ತವ್ವಾ? ಮಕ್ಕಳಿಗೆ ಉಪಯೋಗ ಆಗೋದು ಮುಖ್ಯ."

"ನಿನ್ನ ಕೇಳ್ಲಿಲ್ಲ. ಉಗೆನ್ಯಾದವಳೇ, ನನ್ ಮಗಳ ಹೆಸರು ಇರತ್ತಾ?"

"ಇರಲ್ಲ," ಎಂದೆ.

"ನೀನು ಸಹಿ ಹಾಕಿದೀಯಾ?"

"ಹಾಕಿದೀನಿ."

"ಯಾಕೆ?"

"ನನ್ನ ಪುಸ್ತಕ ಅಚ್ಚು ಹಾಕಿಸ್ತಾರೆ."

"ಅದರ ಮೇಲೆ ನಿನ್ ಹೆಸರು ಇರತ್ತಾ?"

"ಇರತ್ತೆ."

"ಒಳ್ಳೇದಾಯ್ತು ಬಿಡು," ಎಂದು ಮೀನು ಮಗುಚಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಓವಿಟಿ ಶಾಯಿಯ ಡಬ್ಬಿ ತೆರೆದು ಅವಳ ಮೊಣಕಾಲಿನ ಹತ್ತಿರ ಹಿಡಿದ. ಅವಳು ಅದರ ಕಡೆ ನೋಡಲಿಲ್ಲ.

"ಮಾತು ನಂದಲ್ಲ ಮಗನೇ. ಅಪೊಂಡೀದೂ ಅಲ್ಲ. ನೋಟ್‌ಬುಕ್ಕಲ್ಲಿ ಎಲ್ಲರ ಹೆಸರಿದೆ, ಒಬ್ಬೊಬ್ಬರ ಮನೆಗೂ ಹೋಗಿ ಕೇಳು. ಅರ್ಧ ಜನ ಮಣ್ಣಲ್ಲವ್ರೆ. ಅಗೆದು ಅವರ ಹೆಬ್ಬೆಟ್ಟೂ ಒತ್ತಿಸ್ಕೊ. ಸಕ್ಕರೆ ಎತ್ಕೊ, ಇರುವೆ ಬರತ್ತೆ."

ದೋಣಿಯೊಂದು ದಂಡೆಗೆ ತಾಗಿತು. ಅವಳು ಎದ್ದು ಉಳಿದ ಹೆಂಗಸರ ಜೊತೆ ಮೀನು ಆರಿಸಲು ನೀರಿಗಿಳಿದಳು. ತಿರುಗಿ ನೋಡಲಿಲ್ಲ.

ಓದಿಕೊಂಡವರು ಆರು ಜನ ಸಹಿ ಹಾಕಿದ್ದೆವು. ಹೊಲಿಗೆ ಅಂಗಡಿಯ ಹಿಂದಿನ ಆ ಕೋಣೆಯಲ್ಲಿ ಕೂತು ಎಷ್ಟು ಪುಸ್ತಕ ಓದಿದ್ದೆವು! ಯಾರು ಯಾರ ನೆಲ ಕಿತ್ತುಕೊಂಡರು, ಯಾವ ಕಾಗದ ತೋರಿಸಿ ಕಿತ್ತುಕೊಂಡರು, ಎಲ್ಲ ಬಾಯಿಪಾಠ. ಆ ಕಾಗದ ನಮ್ಮ ಮುಂದೆಯೇ ಬಂದು ಕೂತಾಗ, ಪೆನ್ನು ಕೊಡಿ ಅಂದೆವು.

ಕಾರಿನಲ್ಲಿ ಓವಿಟಿ ಸ್ಟಿಯರಿಂಗಿಗೆ ಗುದ್ದಿದ. "ಹುಚ್ಚು ಮುದುಕಿ." ಆಮೇಲೆ ಹಾಳೆಯನ್ನು ನನ್ನ ತೊಡೆಯ ಮೇಲಿಟ್ಟು, ಶಾಯಿಯ ಡಬ್ಬಿ ತೆರೆದ.

"ಇಲ್ಲೊಂದು ಒತ್ತು."

"ಯಾರದ್ದು?"

"ನಿಂದೇ. ಹೆಂಗಸಿನ ಹೆಬ್ಬೆಟ್ಟು ಹೆಂಗಸಿನ ಹೆಬ್ಬೆಟ್ಟೇ. ವಕೀಲ ಡುಂಗಾಕ್ಕೆ ಬಂದು ಮೀನು ಕರಿಯೋಳ ಬೆರಳು ಹಿಡ್ಕೊಂಡು ನೋಡ್ತಾನಾ? ಕೆಳಗೆ ಸಾಕ್ಷಿ ಅಂತ ಸಹಿ ಹಾಕು. ಸೋಮವಾರ ನಿನ್ನ ಪುಸ್ತಕ ಅಚ್ಚಿಗೆ."

ಹೊರಗೆ ಹೆಂಗಸರು ಬುಟ್ಟಿ ಎಳೆದಾಡಿಕೊಂಡು ಜಗಳವಾಡುತ್ತಿದ್ದರು. ನನ್ನ ಸಹಿ ಅವನ ಚೀಲದಲ್ಲಿತ್ತು. ಅದು ವಾಪಸು ಬರುವಂಥದ್ದಲ್ಲ. ಪುಸ್ತಕದ ಮುಖಪುಟ ಹೇಗಿರಬೇಕೆಂದು ಒಂಬತ್ತು ವರ್ಷ ಯೋಚಿಸಿದ್ದೆ. ಬಣ್ಣ ಸಮೇತ ಗೊತ್ತಿತ್ತು.

"ಬೇಗ ಒತ್ತು," ಎಂದ. "ನಂಗೆ ಸಂಜೆ ವಿಮಾನ ಇದೆ."

ಡಬ್ಬಿ ಮುಚ್ಚಿ ಅವನ ಕೈಗೆ ಕೊಟ್ಟೆ.

"ನಿಂಗೂ ಹೆಬ್ಬೆರಳಿದೆ ಓವಿಟಿ. ಬೇಕಾದ್ರೆ ನೀನೇ ಒತ್ಕೊ. ನಾನು ಒತ್ತಲ್ಲ. ಸಾಕ್ಷೀನೂ ಹಾಕಲ್ಲ."