ಉಸಿರು ಬಿಡುವ ಬಾಟಲಿ

ಸೋಡಾದಂತೆ ಗ್ಯಾಸ್ ತುಂಬಿಸಿ ಅಹ್ವಾಜ್ ಪಟ್ಟಣಕ್ಕೆ ಕಳಿಸಿದ ಮಜ್ಜಿಗೆ ಹೋದ ಹಾಗೇ ವಾಪಸ್ ಬಂತು. ಮೂವತ್ತು ಪೆಟ್ಟಿಗೆ. ಜೊತೆಗೆ ಅಂಗಡಿಯವನ ಚೀಟಿ: "ಗ್ಯಾಸೇ ಇಲ್ಲ. ಇನ್ನೊಂದು ಸಲ ಹೀಗಾದರೆ ಕಳಿಸಲೇಬೇಡಿ."

ಸನೋಬರ್ ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ಕೂತು ಒಂದು ಬಾಟಲಿ ತೆರೆದಳು. 'ಚುಸ್' ಎಂದು ಹಾರಬೇಕಾದದ್ದು ಸುಸ್ತಾದವರ ಹಾಗೆ ನಿಟ್ಟುಸಿರು ಬಿಟ್ಟಿತು. ಮೊಸರು ಸರಿಯಾಗಿತ್ತು, ಬೆಟ್ಟದ ಪುದೀನ ಸರಿಯಾಗಿತ್ತು, ಉಪ್ಪೂ ಹದವಾಗಿತ್ತು. ನಾಲಿಗೆಯನ್ನು ಚುರುಕ್ ಎನ್ನಿಸುವ ಗ್ಯಾಸ್ ಮಾತ್ರ ಇರಲಿಲ್ಲ. ಬಾಟಲಿಯ ಮೇಲೆ ಅವಳದೇ ಹೆಸರು. ಬಖ್ತಿಯಾರಿ ಬೆಟ್ಟದ ಅವಳ ಹಳ್ಳಿಯಲ್ಲಿ ಹನ್ನೊಂದು ಹೆಂಗಸರು ಸೇರಿ ಕಟ್ಟಿದ ಮಜ್ಜಿಗೆ ಸಂಘ ಅದು. ಅಹ್ವಾಜ್‌ನ ಅಂಗಡಿ ಕೈಬಿಟ್ಟರೆ ಸಂಘದ ಬಾಗಿಲು ಮುಚ್ಚಿದಂತೆಯೇ.

"ಯಾರೋ ಮುಚ್ಚಳ ಸರಿಯಾಗಿ ತಿರುಗಿಸಿಲ್ಲ," ಅಂದ ಗಂಡ ಖುದಾದಾದ್.

"ತಿರುಗಿಸಿದ್ದು ನಾನೇ. ನಿಮ್ಮ ಬಾಯಿಗೂ ಅಷ್ಟೇ ಬಿಗಿಯಾಗಿ ಒಂದು ಹಾಕ್ಲಾ?"

ಸನೋಬರಳ ತಂಗಿಯ ಮಗಳು ಪರಸ್ತು ಇಸ್ಫಹಾನ್‌ನಲ್ಲಿ ಬಾಟಲಿ ಕಾರ್ಖಾನೆಯ ಕೆಲಸದಲ್ಲಿದ್ದಳು. ಶುಕ್ರವಾರದ ರಜೆಗೆ ಬಂದವಳು ವಾಪಸ್ ಬಂದ ಪ್ಲಾಸ್ಟಿಕ್ ಬಾಟಲಿಯೊಂದನ್ನು ಕೈಗೆತ್ತಿಕೊಂಡು ಒತ್ತಿ ನೋಡಿ ಕೂತಲ್ಲಿಂದ ಎದ್ದೇಬಿಟ್ಟಳು.

"ಖಾಲಾ, ತಪ್ಪು ಮುಚ್ಚಳದ್ದಲ್ಲ! ಬಾಟಲಿ ಉಸಿರು ಬಿಡ್ತಿದೆ!"

"ಬಿಡ್ಲಿ ಬಿಡೇ. ಪಾತ್ರೆ ಅಂದ್ಮೇಲೆ ಉಸಿರಾಡಬೇಕು. ನಮ್ಮಮ್ಮನ ತೊಗಲಚೀಲ ಉಸಿರಾಡ್ತಿತ್ತು. ಅದಕ್ಕೇ ಅಂಥಾ ಬಿಸಿಲಲ್ಲೂ ಮಜ್ಜಿಗೆ ತಣ್ಣಗಿರ್ತಿತ್ತು."

ಸುಳ್ಳಲ್ಲ. ಕುರಿಮಂದೆಯ ಹಿಂದೆ ಬೆಟ್ಟ ಹತ್ತಿಳಿಯುತ್ತಿದ್ದ ಆ ಕಾಲದಲ್ಲಿ ಹೇಸರಗತ್ತೆಯ ಪಕ್ಕಕ್ಕೆ ತೂಗುತ್ತಿದ್ದ ಆಡಿನ ತೊಗಲ ಚೀಲವನ್ನು ಮುಟ್ಟಿದರೆ ಅಂಗೈ ಒದ್ದೆಯಾಗುತ್ತಿತ್ತು. ಆ ತಂಪು ಸನೋಬರಳ ಅಂಗೈಗೆ ಇನ್ನೂ ನೆನಪಿತ್ತು.

"ಅದು ಸರಿ ಖಾಲಾ. ಬೆಳಿಗ್ಗೆ ಕಡೆದದ್ದನ್ನ ಸಂಜೆಗೆ ಕುಡಿದು ಮುಗಿಸ್ತಿದ್ರಿ. ಇದು ಲಾರಿಯಲ್ಲಿ, ಅಂಗಡಿಯಲ್ಲಿ, ಅಹ್ವಾಜ್‌ನ ಸೆಕೆಯಲ್ಲಿ ವಾರಗಟ್ಟಲೆ ಇರಬೇಕಲ್ಲ?"

ಪರಸ್ತು ಮಗ್ಗದ ಮೇಲಿದ್ದ ಅರ್ಧ ನೇಯ್ದ ಜಮಖಾನೆಯ ತುದಿಯನ್ನು ಬೆಳಕಿಗೆ ಹಿಡಿದಳು. "ನೋಡಿ, ಎಷ್ಟು ಬಿಗಿಯಾಗಿದೆ. ಆದ್ರೂ ಬೆಳಕು ತೂರಿ ಬರ್ತಿದೆ. ಪ್ಲಾಸ್ಟಿಕ್ಕೂ ಹೀಗೇ ಎಳೆ ಎಳೆ. ಅದರ ಸಂದು ನಮ್ಮ ಕಣ್ಣಿಗೆ ಕಾಣಲ್ಲ, ಗ್ಯಾಸಿಗೆ ಸಿಕ್ಕಿಬಿಡುತ್ತೆ. ಬಾಟಲಿ ಚಿಕ್ಕದಾದಷ್ಟೂ, ಸೆಕೆ ಹೆಚ್ಚಾದಷ್ಟೂ ಬೇಗ ಖಾಲಿ."

"ಅದಕ್ಕೇನು ಮಾಡಬೇಕಂತೆ? ಬಾಟಲಿಗೆ ರಜಾಯಿ ಹೊದಿಸ್ಬೇಕಾ?"

"ಪ್ಲಾಸ್ಟಿಕ್ ಕರಗಿಸುವಾಗಲೇ ಒಂದು ರಾಸಾಯನಿಕ ಪುಡಿ ಚೂರು ಬೆರೆಸ್ತೀವಿ. ಅದು ಸಂದುಗಳಲ್ಲಿ ಹೋಗಿ ಕೂತುಬಿಡುತ್ತೆ. ಗ್ಯಾಸ್ ಪೂರ್ತಿ ನಿಲ್ಲಲ್ಲ, ಆದ್ರೆ ನುಸುಳೋಕೆ ಬಹಳ ದಿನ ಬೇಕಾಗುತ್ತೆ."

"ಕೇಳಿದ್ರೇನ್ರೀ? ನನ್ನ ಮಜ್ಜಿಗೆಗೆ ರಾಸಾಯನಿಕ ಹಾಕ್ತಾಳಂತೆ ಇವಳು!"

"ಮಜ್ಜಿಗೆಗಲ್ಲ ಖಾಲಾ, ಬಾಟಲಿಯ ಗೋಡೆಗೆ. ಅದೂ ತಿನ್ನೋ ಕುಡಿಯೋ ಸಾಮಾನಿಗೆ ಆಗುತ್ತೆ ಅಂತ ಪರೀಕ್ಷೆ ಮಾಡಿ ಒಪ್ಪಿದ್ದಷ್ಟೇ. ಪತ್ರ ಇರುತ್ತೆ. ಪತ್ರ ಇಲ್ದಿದ್ರೆ ನನ್ನ ಕೈಯಿಂದಲೂ ತಗೋಬೇಡಿ."

ಸನೋಬರ್ ಬೆರಳು ಮಡಿಚಿ ದಿನ ಎಣಿಸಿದಳು. "ಬರೋ ವಾರ ಬೇಸಿಗೆಯ ಚಿಲ್ಲೆ ಶುರು. ಸುಡೋ ಸೆಕೆಯ ಆ ನಲವತ್ತು ದಿನ ನಿನ್ನ ಬಾಟಲಿ ತಾಳಲಿ, ಆಮೇಲೆ ಮಾತಾಡು."

ಚಿಲ್ಲೆಯ ಮೊದಲ ದಿನ ಒಂದೇ ಹಂಡೆಯ ಮಜ್ಜಿಗೆಯನ್ನು ಒಂದೇ ಯಂತ್ರದಲ್ಲಿ, ಒಂದು ಹಳೆ ಬಾಟಲಿಗೂ ಪರಸ್ತು ತಂದ ಒಂದು ಹೊಸ ಬಾಟಲಿಗೂ ತುಂಬಿದರು. ಯಾರೂ ಕೈಯಾಡಿಸಬಾರದೆಂದು ಸನೋಬರ್ ಎರಡರ ಕುತ್ತಿಗೆಗೂ ಕೆಂಪು ಉಣ್ಣೆ ನೂಲು ಬಿಗಿದು ತನ್ನದೇ ಗಂಟು ಹಾಕಿದಳು. ರೊಟ್ಟಿ ಒಲೆಯ ಕೋಣೆಯ ಅಟ್ಟದ ಮೇಲೆ, ಸೆಕೆಯಲ್ಲೇ ಇಟ್ಟಳು.

ದಿನಾ ಬೆಳಿಗ್ಗೆ ರೊಟ್ಟಿ ತೆಗೆದ ಮೇಲೆ ಎರಡನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಇಪ್ಪತ್ತನೆಯ ದಿನದ ಹೊತ್ತಿಗೆ ಹಳೆಯದು ಒಳಗೆ ಬಾಗತೊಡಗಿತ್ತು. ಹೊಸದು ಕಲ್ಲು. ಅವಳು ಯಾರಿಗೂ ಹೇಳಲಿಲ್ಲ.

ನಲವತ್ತನೆಯ ದಿನ ಸಂಘದ ಹೆಂಗಸರೆಲ್ಲ ಬಂದು ಕೂತರು. ಪರಸ್ತು ಉಗುರು ಕಚ್ಚುತ್ತಿದ್ದಳು. ಸನೋಬರ್ ನೂಲು ಕತ್ತರಿಸಿ ಹಳೆ ಬಾಟಲಿ ಎತ್ತಿಕೊಂಡಳು. ಮೊಸರು ತಳಕ್ಕೆ ಕೂತಿತ್ತು. ತೊಗಲಚೀಲ ಕುಲುಕಿ ಕುಲುಕಿ ಪಳಗಿದ ಕೈ, ಇದನ್ನೂ ಹಾಗೇ ಕುಲುಕಿತು. ಮುಚ್ಚಳ ತಿರುಗಿಸಿದಳು. ಬಾಯಿಯ ತನಕ ಸ್ವಲ್ಪ ನೊರೆ ಬಂದು ಇಳಿದುಹೋಯಿತು.

"ಇಷ್ಟೇನಾ?" ಅಂದ ಖುದಾದಾದ್, ಇನ್ನೂ ಹತ್ತಿರ ಬಂದು ಬಗ್ಗಿ.

ಸನೋಬರ್ ಹೊಸ ಬಾಟಲಿ ಎತ್ತಿದಳು. ಅದನ್ನೂ ಕುಲುಕತೊಡಗಿದಳು.

"ಖಾಲಾ, ಬೇಡ! ಅದನ್ನ ಕುಲುಕ್ಬೇಡಿ!"

ಅಷ್ಟರಲ್ಲಿ ಮುಚ್ಚಳ ತಿರುಗಿತ್ತು. ಭುಸ್ಸೆಂದು ಚಿಮ್ಮಿದ ಮಜ್ಜಿಗೆ ತೊಲೆ ಮುಟ್ಟಿ ಕೆಳಗಿಳಿಯಿತು. ಹೆಂಗಸರು ಕಿರುಚುತ್ತಾ ಎದ್ದರು. ಖುದಾದಾದ್‌ನ ಮೀಸೆಯಿಂದ ಬಿಳಿ ಹನಿ ತೊಟ್ಟಿಕ್ಕುತ್ತಿತ್ತು, ಹುಬ್ಬಿನ ಮೇಲೆ ಪುದೀನದ ಎಲೆ ಅಂಟಿಕೊಂಡಿತ್ತು.

ಸನೋಬರ್ ತುಟಿ ಸವರಿಕೊಂಡಳು. "ಚುರುಕ್ ಅಂತು!" ಎಂದು ಕೂಗಿದಳು. "ಪರಸ್ತು, ನಾಲಿಗೆ ಚುರುಕ್ ಅಂತು ಕಣೇ!"

"ಈಗೇನಂತೀರಿ? ಪಾತ್ರೆ ಉಸಿರಾಡಬೇಕಾ?"

"ಉಸಿರಾಡೋಕೆ ನಾನಿದ್ದೀನಿ. ಬಾಟಲಿ ಉಸಿರು ಹಿಡ್ಕೊಂಡಿರ್ಲಿ. ಎಲ್ಲಿ, ಆ ಪತ್ರ ತೋರ್ಸು ಮೊದ್ಲು."

ಅವಳಿಗೆ ಓದು ಬಾರದು. ಗಂಡನಿಂದ ಎರಡು ಸಲ ಗಟ್ಟಿಯಾಗಿ ಓದಿಸಿದಳು. ಅವನು ಮೀಸೆ ಒರೆಸಿಕೊಳ್ಳಲೂ ಬಿಡಲಿಲ್ಲ.

ಆ ತಿಂಗಳೇ ಹೊಸ ಬಾಟಲಿಯ ಮೂವತ್ತು ಪೆಟ್ಟಿಗೆ ಅಹ್ವಾಜ್‌ಗೆ ಇಳಿಯಿತು. ವಾಪಸ್ ಬಂದದ್ದು ಚೀಟಿಯೊಂದೇ: "ಅರವತ್ತು ಕಳಿಸಿ. ಗಿರಾಕಿಗಳು ಅಂಗಿ ನೆನೆಸಿಕೊಳ್ಳುತ್ತಿದ್ದಾರೆ." ಈಗ ಬಾಟಲಿಯ ಮೇಲೆ ಸನೋಬರಳ ಹೆಸರಿನ ಕೆಳಗೆ ಇನ್ನೊಂದು ಸಾಲಿದೆ: ಕುಲುಕಬೇಡಿ, ಮೆಲ್ಲಗೆ ಮಗುಚಿ.

ಸೋಡಾ, ಷರಬತ್ತು, ಮಜ್ಜಿಗೆ ತುಂಬಿ ಮಾರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬಾಟಲಿಗಳೆಲ್ಲ ನೋಡಲು ಒಂದೇ, ಗುಣದಲ್ಲಿ ಒಂದೇ ಅಲ್ಲ. ಕೊಳ್ಳುವಾಗ ನಾಚದೆ ಕೇಳಿ: ಇದರಲ್ಲಿ ಗ್ಯಾಸ್ ಹಿಡಿದಿಡಲು ಏನು ಬೆರೆಸಿದ್ದೀರಿ? ಆಹಾರಕ್ಕೆ ಆಗುತ್ತದೆಂಬ ಪತ್ರ ಎಲ್ಲಿ? ಪತ್ರ ತೋರಿಸದಿದ್ದರೆ ಎದ್ದು ಬನ್ನಿ. ಎಂಥ ಒಳ್ಳೆಯ ಬಾಟಲಿಯಾದರೂ ಬಿಸಿಲಿಗಿಡಬೇಡಿ. ಲಾರಿ ತುಂಬಿಸುವ ಮೊದಲು ಎರಡು ಬಾಟಲಿ ತುಂಬಿ, ಗಂಟು ಹಾಕಿ, ನಲವತ್ತು ದಿನ ಕಾದು ನೋಡಿ. ಹೆಬ್ಬೆರಳಿಟ್ಟು ಒತ್ತಿ. ಆಮೇಲೆ ನಿಮ್ಮ ಹೆಸರು ಅಂಟಿಸಿ.