ಹೊರಗೆ ನಿಲ್ಲಿ

ಎಂಟು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಇಳಿದವಳಿಗೆ ಸಿಕ್ಕ ಮೊದಲ ಸ್ವಂತ ಕೆಲಸ ಅದು. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ನೆಟ್‌ವರ್ಕನ್ನು ಎರಡು ಪಾಲು ಮಾಡಿಕೊಡಬೇಕಿತ್ತು. ಹಾಲ್‌ನಲ್ಲಿ ಕಾಯುವವರು ಫೋನಿನಲ್ಲಿ ಏನು ಬೇಕಾದರೂ ನೋಡಿಕೊಳ್ಳಲಿ, ರೋಗಿಗಳ ವಿವರವಿರುವ ಕಂಪ್ಯೂಟರಿನ ಕಡೆ ಮಾತ್ರ ಇಣುಕಬಾರದು. ಇರುವ ಕೇಬಲ್‌ಗಳಲ್ಲೇ ಹೀಗೆ ಬೇರೆ ಬೇರೆ ಕೋಣೆ ಕಟ್ಟುವುದಕ್ಕೆ ನಮ್ಮ ಕಸುಬಿನಲ್ಲಿ ವಿ-ಲ್ಯಾನ್ ಎನ್ನುತ್ತಾರೆ. ಯಾವ ಕೋಣೆಯವರು ಎಲ್ಲಿಗೆ ಹೋಗಬಹುದೆಂದು ನೋಡಿ ಬಿಡುವ ಪೆಟ್ಟಿಗೆ ಫೈರ್‌ವಾಲ್. ಆ ಪೆಟ್ಟಿಗೆಯ ನೆತ್ತಿಯ ಮೇಲೆ, ಇಲ್ಲಿ ನನಗಿಂತ ಮೊದಲು ಈ ಕೆಲಸ ನೋಡಿಕೊಳ್ಳುತ್ತಿದ್ದ ಹಳೇ ಕಂಪನಿಯ ಸ್ಟಿಕ್ಕರು ಫೋನ್ ನಂಬರಿನ ಸಮೇತ ಅಂಟಿಕೊಂಡಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಭಾನುವಾರವಾದ್ದರಿಂದ ಸಹಾಯಕ್ಕೆ ನನ್ನ ಗಂಡ ಬಂದಿದ್ದರು. ಅವರು ಶಾಲೆಯ ಮೇಷ್ಟ್ರು. ಅಕ್ಷರ ಮುತ್ತು ಪೋಣಿಸಿದ ಹಾಗೆ. ನೆನಪಿನ ಶಕ್ತಿ ಮಾತ್ರ ದೇವರಿಗೇ ಪ್ರೀತಿ. ತಮ್ಮ ಫೋನ್ ನಂಬರನ್ನೇ ನನ್ನ ಹತ್ತಿರ ಕೇಳಿ ಹೇಳುವ ಮನುಷ್ಯ.

"ಡಾಕ್ಟರ್ ಕಡೆ ಕೇಬಲ್‌ಗೆಲ್ಲ 'ಒಳಗೆ' ಅಂತ ಚೀಟಿ ಅಂಟಿಸಿ. ಕಾಯೋರ ಕಡೆದಕ್ಕೆ 'ಹೊರಗೆ'. ಅಷ್ಟು ಸಾಕು," ಎಂದೆ.

"ಆಯ್ತು ಕಣೇ, ನಾನೇನು ಒಂದನೇ ಕ್ಲಾಸಾ?"

ಅವರ ಚೀಟಿ ನೋಡಿಕೊಂಡೇ ಒಳಗಿನ ಕೇಬಲ್‌ಗಳನ್ನು ಹತ್ತನೇ ನಂಬರಿನ ಕೋಣೆಗೆ, ಹೊರಗಿನವನ್ನು ಇಪ್ಪತ್ತಕ್ಕೆ ಹಾಕಿದೆ. ಇಪ್ಪತ್ತರವರು ಇಂಟರ್ನೆಟ್ಟಿಗೆ ಹೋಗಬಹುದು, ಹತ್ತರ ಕಡೆ ಕಾಲಿಡುವಂತಿಲ್ಲ ಎಂದು ಫೈರ್‌ವಾಲಿಗೆ ನಿಯಮ ಬರೆದೆ. ಸಂಜೆ ಹಾಯಾಗಿ ಮನೆಗೆ ಹೋದೆವು.

ಸೋಮವಾರ ಎಂಟೂವರೆಗೆ ಡಾಕ್ಟರಮ್ಮ ಪರೀಕ್ಷೆಗೆಂದು ಪ್ಲಾಸ್ಟಿಕ್ ದವಡೆಯ ಒಂದು ಎಕ್ಸ್-ರೇ ತೆಗೆದರು. ಚಿತ್ರ ಅವರ ಕಂಪ್ಯೂಟರಿಗೆ ಬರಲೇ ಇಲ್ಲ.

"ನೋಡಿ, ಒಂಬತ್ತಕ್ಕೆ ಮೊದಲನೇ ಪೇಷಂಟ್ ಬರ್ತಾರೆ. ಅಷ್ಟರಲ್ಲಿ ಆಗ್ಲಿಲ್ಲ ಅಂದ್ರೆ ಹಳೇ ಕಂಪನಿಯವರನ್ನೇ ಕರೀತೀನಿ. ಬೇಜಾರು ಮಾಡ್ಕೋಬೇಡಿ," ಎಂದರು.

ಬೇಜಾರಲ್ಲ, ನನಗೆ ಭಯವಾಯಿತು. ಇಲ್ಲಿ ಸೋತರೆ ಮುಂದಿನ ಕೆಲಸ ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಬರೆದ ನಿಯಮಗಳನ್ನು ಎರಡು ಸಲ ಓದಿದೆ, ಎಲ್ಲವೂ ಸರಿಯಾಗಿದ್ದವು. ನನ್ನನ್ನು ಕ್ಲಿನಿಕ್ಕಿಗೆ ಬಿಟ್ಟು ಶಾಲೆಗೆ ಹೊರಟಿದ್ದ ಮೇಷ್ಟ್ರು ನನ್ನ ಮುಖ ನೋಡಿ ಅಲ್ಲೇ ನಿಂತರು.

ಕೊನೆಗೆ ಫೈರ್‌ವಾಲ್ ತಾನು ಯಾರನ್ನು ತಡೆದೆ ಎಂದು ಬರೆದಿಡುವ ಪಟ್ಟಿಯನ್ನು ತೆರೆದೆ. ಇಪ್ಪತ್ತರಿಂದ ಹತ್ತಕ್ಕೆ ಹೊರಟ ಒಬ್ಬರನ್ನೇ ಮತ್ತೆ ಮತ್ತೆ ತಡೆದಿತ್ತು. ಯಾರೆಂದು ನೋಡಿದರೆ ಎಕ್ಸ್-ರೇ ಮಷೀನು! ಅದು ಕಾಯುವವರ ಜೊತೆ ಯಾಕೆ ಕೂತಿದೆ? ಎದ್ದು ಹೋಗಿ ಅದರ ಕೇಬಲ್ ಎಳೆದು ನೋಡಿದೆ. ಮುತ್ತಿನಂಥ ಅಕ್ಷರದಲ್ಲಿ 'ಹೊರಗೆ' ಎಂದಿತ್ತು.

"ಏನ್ರೀ ಇದು?"

"ಬಾಗಿಲ ಮೇಲೆ ಬೋರ್ಡೇ ಇದೆಯಲ್ಲೇ," ಎಂದರು ಮೇಷ್ಟ್ರು.

ತಿರುಗಿ ನೋಡಿದೆ. ಎಕ್ಸ್-ರೇ ಕೋಣೆಯ ಬಾಗಿಲಿನಲ್ಲಿ ಕೆಂಪು ಅಕ್ಷರದ ಬೋರ್ಡು: 'ಹೊರಗೆ ನಿಲ್ಲಿ.'

ಬೈಯಬೇಕೆಂದು ಬಾಯಿ ತೆರೆದೆ, ನಗು ಬಂದುಬಿಟ್ಟಿತು. ಆ ಕೇಬಲನ್ನು ಇಪ್ಪತ್ತರಿಂದ ಹತ್ತಕ್ಕೆ ಹಾಕಿ, ಮಷೀನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದೆ. ಎಂಟು ಐವತ್ತೆರಡಕ್ಕೆ ಪ್ಲಾಸ್ಟಿಕ್ ದವಡೆ ಡಾಕ್ಟರಮ್ಮನ ಪರದೆಯ ಮೇಲೆ ಹಲ್ಲು ಕಿರಿಯಿತು.

"ಏನಾಗಿತ್ತು?" ಎಂದು ಅವರು ಕೇಳಿದರು. ಮೇಷ್ಟ್ರು ತಪ್ಪೊಪ್ಪಿಕೊಳ್ಳಲು ಗಂಟಲು ಸರಿಮಾಡಿಕೊಂಡರು. ನಾನು ಅವಕಾಶ ಕೊಡಲಿಲ್ಲ.

"ಒಂದು ಚೀಟಿ ತಪ್ಪಾಗಿತ್ತು. ಚೀಟಿ ನಂಬಿದೆ, ಕೇಬಲ್ ಹಿಡಿದು ನೋಡ್ಲಿಲ್ಲ. ತಪ್ಪು ನಂದೇ."

"ಅಂದ್ರೆ ನಿಮ್ಮ ಗೋಡೆ ನಮ್ಮ ಮಷೀನನ್ನೂ ಬಿಡ್ಲಿಲ್ಲ ಅಂತಾಯ್ತು," ಎಂದು ಡಾಕ್ಟರಮ್ಮ ನಕ್ಕರು. "ಒಳ್ಳೇದೇ ಆಯ್ತು. ಆ ಹಳೇ ಸ್ಟಿಕ್ಕರ್ ಕಿತ್ತು ಹಾಕಿ. ಏನಾದ್ರೂ ಆದ್ರೆ ಇನ್ಮೇಲೆ ಯಾರಿಗೆ ಫೋನ್ ಮಾಡ್ಬೇಕು ಅಂತ ಬರೆದು ಹೋಗಿ."

ನಾನು ಉಗುರಿನಿಂದ ಸ್ಟಿಕ್ಕರು ಕೆರೆಯುತ್ತಿದ್ದೆ. ಅಷ್ಟರಲ್ಲಿ ಮೇಷ್ಟ್ರು ಒಂದು ಚೀಟಿ ಬರೆದು ಪೆಟ್ಟಿಗೆಯ ಮೇಲೆ ಒತ್ತಿ ಅಂಟಿಸಿದರು. ಮೇಲೆ 'ಇಂಜಿನಿಯರ್' ಎಂದಿತ್ತು. ಕೆಳಗೆ ನನ್ನ ಫೋನ್ ನಂಬರು, ಒಂದಂಕಿಯನ್ನೂ ನನ್ನನ್ನು ಕೇಳದೆ ಬರೆದದ್ದು.