ಗಾಳದ ಲಂಗಕ್ಕೆ ಏಡಿ ಬಣ್ಣ

ಮೀನಿಗೆ ಲಂಗ ಯಾಕೆ ಎಂದು ಹೆಂಡತಿ ಮೊದಲ ದಿನವೇ ಕೇಳಿದ್ದಳು. ಮೀನಿಗಲ್ಲ, ಗಾಳಕ್ಕೆ ಎಂದು ಕ್ಷೌರಿಕ ಎಷ್ಟು ಸಲ ಬಿಡಿಸಿ ಹೇಳಿದರೂ ಅದು ಅವಳ ತಲೆಗೆ ಹೋಗಲಿಲ್ಲ, ಅಥವಾ ಹೋಗಿಯೂ ಹೋಗದವಳಂತೆ ನಟಿಸಿದಳು. ವಿಷಯ ಇಷ್ಟೇ. ಸೀಸದ ಪುಟ್ಟ ತಲೆಯಿರುವ ಗಾಳಕ್ಕೆ ಜಿಗ್ ಎನ್ನುತ್ತಾರೆ. ಅದರ ಕೊರಳ ಸುತ್ತ ಬಣ್ಣದ ಕೂದಲು ಕಟ್ಟಿದರೆ ಅದೇ ಲಂಗ. ನೀರಿಗಿಳಿದಾಗ ಲಂಗ ಅರಳಿ, ಮುದುಡಿ, ಗಾಳ ಥೇಟ್ ಏಡಿಯ ಹಾಗೆ ಕಾಣಬೇಕು, ದೊಡ್ಡ ಮೀನು ಮೋಸ ಹೋಗಬೇಕು. ಅಂಗಡಿಯಲ್ಲಿ ಸಿದ್ಧ ಲಂಗಗಳು ಬೇಕಾದಷ್ಟು ಸಿಗುತ್ತವೆ. ಆದರೆ ದಿನವಿಡೀ ಊರಿನವರ ತಲೆಗೆ ಬಣ್ಣ ಬಳಿಯುವವನು ಬಣ್ಣದ ಕೂದಲನ್ನು ಅಂಗಡಿಯಲ್ಲಿ ಕೊಂಡರೆ ಮಾನ ಉಳಿಯುತ್ತದೆಯೇ? ಮಾಂಸದಂಗಡಿಯಿಂದ ಬಿಳಿ ಮೇಕೆಯ ಬಾಲದ ಕೂದಲು ತಂದು, ಶಾಂಪೂ ಹಾಕಿ ತೊಳೆದು, ಸಲೂನಿನ ಹಿಂದಿನ ಕೋಣೆಯಲ್ಲಿ ಅವನೇ ಬಣ್ಣ ಹಾಕುತ್ತಿದ್ದ.

ಈ ಹುಚ್ಚಿಗೆ ಜೊತೆಗಾರರು ಮಾವ, ಅಂದರೆ ಹೆಂಡತಿಯ ಅಪ್ಪ. ಬಸ್ಸು ಓಡಿಸಿ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು ನೆಲೆಸಿದ್ದರು. ಸ್ಟೇರಿಂಗ್ ಬಿಟ್ಟ ಕೈಗಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಗೋಡೆ ಗಡಿಯಾರ ಬಿಚ್ಚುವರು, ಕುಕ್ಕರಿನ ಹಿಡಿ ಬಿಗಿ ಮಾಡುವರು, ಅಳಿಯ ಬಣ್ಣ ಕಲಸಲು ಕೂತರೆ ಬೆನ್ನ ಹಿಂದೆ ಬಂದು ನಿಲ್ಲುವರು. ಭಾನುವಾರ ಇಬ್ಬರೂ ಕೆರೆಯ ದಂಡೆಯಲ್ಲಿ ಕೂತು, ಒಂದೂ ಮೀನು ಹಿಡಿಯದೆ, ಬಣ್ಣದ ವಿಷಯಕ್ಕೆ ಜಗಳವಾಡಿ ಬರುವರು. ಕಂದು ಎಷ್ಟು, ಹಸಿರು ಎಷ್ಟು ಎಂಬುದರಲ್ಲಿ ತಕರಾರಿರಲಿಲ್ಲ. ಜಗಳವೆಲ್ಲ ಕೇಸರಿಯದು.

"ಸ್ವಲ್ಪ ಕೇಸರಿ ಹಾಕಯ್ಯ. ಏಡಿ ಹೊಟ್ಟೆ ನೋಡಿದೀಯಾ ಯಾವತ್ತಾದ್ರೂ?"

"ಹಾಕಿದೀನಿ ಮಾವ."

"ಎಲ್ಲಿ? ಸಾರಿಗೆ ಇಂಗು ತೋರಿಸಿದ ಹಾಗೆ ತೋರಿಸಿದೀಯ. ಕೈ ಬಿಚ್ಚಿ ಹಾಕು."

ಕ್ಷೌರಿಕ ಹಲ್ಲು ಕಚ್ಚಿ ಬಟ್ಟಲನ್ನು ಆಚೆ ಸರಿಸಿಕೊಳ್ಳುತ್ತಿದ್ದ. ಬೈಯಲು ಒಬ್ಬರಾದರೂ ಪಕ್ಕದಲ್ಲಿರುವುದು ಎಷ್ಟು ದೊಡ್ಡ ಸುಖ ಎಂದು ಅವನಿಗೆ ಗೊತ್ತಾದದ್ದು ಆ ಸುಖ ಕೈತಪ್ಪುವ ಹಾಗೆ ಆದಾಗಲೇ.

ಹೋದ ಬೇಸಿಗೆಯಲ್ಲಿ ಮಾವನ ಹೆಬ್ಬೆರಳಿಗೆ ಗಾಳ ಚುಚ್ಚಿಕೊಂಡಿತ್ತು. ಅದನ್ನು ತೆಗೆದವರು ಪಕ್ಕದ ಬಡಾವಣೆಯ ನರ್ಸಮ್ಮ. ಆಸ್ಪತ್ರೆಯ ಕೆಲಸದಿಂದ ನಿವೃತ್ತರು, ಮದುವೆಯಾಗದವರು. ಗಾಯ ವಾರದಲ್ಲಿ ಮಾಯಿತು. ಡ್ರೆಸ್ಸಿಂಗ್ ಮಾತ್ರ ಮಳೆಗಾಲ ಮುಗಿಯುವವರೆಗೂ ನಡೆಯಿತು. ಕೊನೆಗೆ ಮಾವ ಒಂದು ದಿನ ಊಟದ ತಟ್ಟೆ ನೋಡುತ್ತಾ, ಭಾನುವಾರ ಸಂಜೆ ನರ್ಸಮ್ಮ ಟೀಗೆ ಬರುತ್ತಾರೆ, ತಾನು ಅವರನ್ನು ಒಂದು ಮಾತು ಕೇಳುವುದಿದೆ ಎಂದರು. ಮಗಳು ಖುಷಿಯಿಂದ ಅತ್ತೇಬಿಟ್ಟಳು. ಅಳಿಯನೂ ಒಳ್ಳೆಯದಾಯಿತು ಎಂದ. ಆಯಮ್ಮ ಹೂಂ ಅಂದರೆ ಮಾವ ಆ ಮನೆಗೇ ಹೋಗುತ್ತಾರೆ ಎಂಬುದು ಹೊಳೆದದ್ದು ಕೈ ತೊಳೆಯುವಾಗ. ತೊಳೆದ ಕೈಯನ್ನೇ ಮತ್ತೊಮ್ಮೆ ತೊಳೆದ.

ಭಾನುವಾರ ಮಧ್ಯಾಹ್ನ ಮಾವ ಸಲೂನಿನ ಕುರ್ಚಿಯಲ್ಲಿ ಬಂದು ಕೂತರು. ಮನೆಯ ಮುಂದಿನ ಕೋಣೆಯೇ ಸಲೂನು, ಅವತ್ತು ರಜೆ. ಮಾವನ ಮೀಸೆ ನೋಡಲು ಎರಡು ಕಣ್ಣು ಸಾಲದು. ದಪ್ಪ, ಉದ್ದ, ಎರಡೂ ತುದಿ ಕೆನ್ನೆ ಮುಟ್ಟುವಂಥದ್ದು, ಹತ್ತಿಯಷ್ಟು ಬಿಳಿ.

"ಇದಕ್ಕೊಂದು ಬಣ್ಣ ಹಾಕು," ಎಂದರು, ಕನ್ನಡಿ ಬಿಟ್ಟು ಬೇರೆಲ್ಲೋ ನೋಡುತ್ತಾ. "ಕಪ್ಪು ಬೇಡ. ಶೂ ಪಾಲಿಶ್ ತರ ಕಾಣುತ್ತೆ. ಕಂದು ಹಾಕು. ಒಂದು ಹತ್ತು ವರ್ಷ ಕಡಿಮೆ ಆಗೋ ಹಾಗೆ."

ಕ್ಷೌರಿಕ ಕಂದು ಕಲಸಿ ಹಿಂದಿನ ಕೋಣೆಯ ಹಲಗೆಯ ಮೇಲಿಟ್ಟ. ಪಕ್ಕದಲ್ಲೇ ಬೆಳಿಗ್ಗೆ ಕಲಸಿದ್ದ ಏಡಿ ಬಣ್ಣದ ಬಟ್ಟಲು. ಬಟ್ಟಲಲ್ಲಿದ್ದಾಗ ಈ ಬಣ್ಣಗಳೆಲ್ಲ ಒಂದೇ, ಮಂಕು ಮಣ್ಣಿನ ಮುದ್ದೆ. ಕೂದಲು ಕುಡಿದ ಮೇಲೆಯೇ ಅಸಲಿ ಗುಣ ತೋರುವುದು. ಬಟ್ಟಲು ಬದಲಾದೀತು ಎಂದು ಕಂದಿನ ಬಟ್ಟಲಿಗೆ ಬ್ರಷ್ಷನ್ನು ಅಡ್ಡ ಇಟ್ಟು ಗುರುತು ಮಾಡಿದ. ಹಾಗೆ ಮಾಡುವಾಗ, ಬದಲಾದರೂ ಆಗಲಿ ಎಂಬ ಕೆಟ್ಟ ಯೋಚನೆ ಒಂದು ಗಳಿಗೆ ಬಂದು ಹೋಯಿತು. ಛೀ ಎಂದುಕೊಂಡು ಬಿಸಿನೀರಿಗೆಂದು ಅಡುಗೆಮನೆಗೆ ಹೋದ. ಬಂದು, ಬ್ರಷ್ಷಿದ್ದ ಬಟ್ಟಲನ್ನೇ ನೋಡಿ ತೆಗೆದುಕೊಂಡು, ಮದುಮಗನಿಗೆ ಹಚ್ಚುವಷ್ಟು ಅಕ್ಕರೆಯಿಂದ ಹಚ್ಚಿ, ಟವೆಲ್ ಮುಚ್ಚಿದ.

ಅರ್ಧ ಗಂಟೆ ಬಿಟ್ಟು ತೊಳೆದು ನೋಡಿದ. ಮೀಸೆಯ ಬುಡ ಕಂದು, ನಡು ಪಾಚಿ ಹಸಿರು. ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಎಳೆ ಕೆಂಡದ ಹಾಗೆ ಕೇಸರಿ.

ಟೀ ಪುಡಿ ಎಲ್ಲಿ ಎಂದು ಕೇಳಲು ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. ಅಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು.

"ಬೇಕಂತಲೇ ಮಾಡಿದ್ರಿ ಅಲ್ವಾ?" ಅವಳ ದನಿ ಏರಲಿಲ್ಲ, ಭಯವಾಗಿದ್ದು ಅದಕ್ಕೇ. "ಅಪ್ಪ ಹೋಗ್ಬಿಟ್ರೆ ಕೆರೆ ಹತ್ರ ಕೂತ್ಕೊಳ್ಳೋಕೆ ಜೊತೆ ಇರಲ್ಲ ಅಂತ."

ಪೂರ್ತಿ ಸುಳ್ಳಾಗಿದ್ದರೆ ಕ್ಷೌರಿಕ ಕೂಗಾಡುತ್ತಿದ್ದ. ಅರ್ಧ ನಿಜವಾದ್ದರಿಂದ ಮುಖ ಕೆಂಪಗೆ ಮಾಡಿಕೊಂಡು ನಿಂತ.

ಮಾವ ಕೆಮ್ಮಿದರು. "ಅವನಲ್ಲಮ್ಮ. ಅವನು ನೀರು ತರೋಕೆ ಹೋಗಿದ್ನಲ್ಲ, ಆಗ ನಾನು ಒಳಗೆ ಹೋದೆ. ಗಾಳದ ಬಣ್ಣ ಕಲಸಿಟ್ಟಿದಾನೆ, ಕೇಸರಿ ಕಡಿಮೆ ಹಾಕಿರ್ತಾನೆ ಅಂತ ನಾನೇ ಒಂಚೂರು ಹಾಕಿದೆ. ಕೇಸರಿ ಜಾಸ್ತಿ ಆಯ್ತು ಅನ್ನಿಸ್ತು, ಹಸಿರು ಹಾಕಿದೆ. ಆಮೇಲೆ ಹಸಿರು ಜಾಸ್ತಿ ಆಯ್ತು."

"ಬ್ರಷ್ ಅಡ್ಡ ಇಟ್ಟಿದ್ನಲ್ಲ ಮಾವ, ಗುರುತಿಗೆ."

"ಬ್ರಷ್ಷಿದ್ದ ಬಟ್ಟಲೇ ಗಾಳದ್ದು ಅಂದ್ಕೊಂಡೆ, ಅದರಲ್ಲೇ ಕಲಸಿದೆ. ಕಲಸಿ ವಾಪಸ್ ಅಡ್ಡ ಇಟ್ಟೆ. ಇದ್ದ ಹಾಗೇ ಇಡಬೇಕಲ್ವಾ?"

ಮೂವರೂ ಕನ್ನಡಿ ನೋಡಿದರು. ಕಿಟಕಿಯ ಬಿಸಿಲು ಮೀಸೆಯ ಮೇಲೆ ಬಿದ್ದಿತ್ತು. ಕ್ಷೌರಿಕ ನಿಧಾನವಾಗಿ ಬಗ್ಗಿ, ಒಂದು ತುದಿಯನ್ನು ಬೆರಳಲ್ಲಿ ಹಿಡಿದು ಅತ್ತಿತ್ತ ತಿರುಗಿಸಿದ.

"ಮಾವ," ಎಂದ, ಪಿಸುದನಿಯಲ್ಲಿ. "ಇದೇ."

"ನಾನೂ ಅದನ್ನೇ ನೋಡ್ತಿದೀನಿ," ಎಂದರು ಮಾವ. "ಏಡಿ ಹೊಟ್ಟೆ ಬಣ್ಣ ಹಾಗೇ ಬಂದಿದೆ."

"ಎಷ್ಟೆಷ್ಟು ಹಾಕಿದ್ರಿ?"

"ನೆನಪಿಲ್ಲ ಕಣಯ್ಯ."

ಹೆಂಡತಿ ಹಣೆ ಚಚ್ಚಿಕೊಂಡಳು. ಆಮೇಲೆ ಶಾಂಪೂ ಆಯಿತು, ನಿಂಬೆರಸ ಆಯಿತು, ಅಡುಗೆ ಸೋಡಾ ಆಯಿತು. ಮೀಸೆ ಇನ್ನಷ್ಟು ಹೊಳಪು ಬಂದು ನಿಂತಿತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ನರ್ಸಮ್ಮ ಬಂದು ಕೂತರು. ಮಾವ ಎದುರಿಗೆ ಕೂತರು, ಮೂಗಿನಿಂದ ಕೆಳಗೆ ಪೂರಾ ಕರ್ಚೀಫು. ಟೀ ಬಂತು, ಮಾವ ಕುಡಿಯಲಿಲ್ಲ.

"ಹಲ್ಲು ನೋವಾ?" ಎಂದು ಕೇಳಿದರು ನರ್ಸಮ್ಮ. ಮಾವ ಅಡ್ಡಡ್ಡ ತಲೆಯಾಡಿಸಿದರು. "ಹಾಗಿದ್ರೆ ತೆಗೀರಿ, ನೋಡೋಣ." ಆಸ್ಪತ್ರೆಯಲ್ಲಿ ನೂರಾರು ಜನರಿಗೆ ಕಹಿ ಔಷಧಿ ಕುಡಿಸಿದ ದನಿ ಅದು. ಮಾವ ಕರ್ಚೀಫು ತೆಗೆದರು.

ನರ್ಸಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ಕ್ಷೌರಿಕ ಬಾಗಿಲ ಪಕ್ಕ ನಿಂತಿದ್ದ. ಮಾವನ ಮುಖ ಸೋತು ಸಣ್ಣದಾಗಿತ್ತು, ಅವನಿಗೆ ಅದನ್ನು ನೋಡಲಾಗಲಿಲ್ಲ. ದೇವರೇ, ಆಯಮ್ಮ ಎದ್ದು ಹೋಗದಿರಲಿ, ಇವರು ಬೇಕಾದರೆ ಇವತ್ತೇ ಗಂಟುಮೂಟೆ ಕಟ್ಟಲಿ ಎಂದುಕೊಂಡ. ಈ ಸಲ ಅದರಲ್ಲಿ ಅರ್ಧ ಸುಳ್ಳೂ ಇರಲಿಲ್ಲ.

"ನಿಮಗೋಸ್ಕರ ಒಂದು ಹತ್ತು ವರ್ಷ ಕಡಿಮೆ ಮಾಡ್ಕೊಳ್ಳೋಣ ಅಂತ ಹೋದೆ," ಎಂದರು ಮಾವ.

"ನನಗೆ ಈ ವಯಸ್ಸಾಗೋವರೆಗೆ ಸರಿಯಾದವರು ಯಾರೂ ಸಿಗಲಿಲ್ಲ," ಎಂದರು ನರ್ಸಮ್ಮ. "ಈಗ ಸಿಕ್ಕಿದವರೂ ಹತ್ತು ವರ್ಷ ಹಿಂದಕ್ಕೆ ಹೋಗಿ ಕೂತ್ಕೊಂಡ್ರೆ ನಾನೇನು ಮಾಡ್ಲಿ?" ಆಮೇಲೆ ಟೀ ಲೋಟ ಎತ್ತಿಕೊಂಡು, "ಅದನ್ನ ತೆಗೆಸಿಬಿಡಿ. ಬಿಳೀದು ಮತ್ತೆ ಬರುತ್ತಲ್ಲ. ನೀವು ಏನೋ ಕೇಳಬೇಕು ಅಂದಿದ್ರಿ. ತೆಗೆಸ್ಕೊಂಡು ಬಂದು ಕೇಳಿ, ನಾನು ಹೂಂ ಅಂತೀನಿ."

ಒಳಗಿನಿಂದ ಹೆಂಡತಿ ಮೂಗು ಸೀಟಿದ್ದು ಕೇಳಿಸಿತು.

ಮತ್ತೆ ಅದೇ ಕುರ್ಚಿ. ಕ್ಷೌರಿಕ ಕತ್ತರಿಯಲ್ಲಿ ಮೀಸೆ ಗಿಡ್ಡ ಮಾಡಿ, ನೊರೆ ಹಚ್ಚಿ, ಕತ್ತಿಯನ್ನು ಮಾವನ ಮೇಲ್ದುಟಿಗೆ ತಂದ. ಅಲ್ಲಿ ಕತ್ತಿಯಿರುವಾಗ ಯಾರೂ ಮಾತಾಡುವಂತಿಲ್ಲ. ಇಷ್ಟು ವರ್ಷ ಹೇಳದ ಮಾತನ್ನು ಅವನು ಆಗ ಹೇಳಿದ್ದು ಅದಕ್ಕೇ.

"ನೀವು ಹೋದ್ರೆ ನನಗೆ ತುಂಬಾ ಬೇಜಾರಾಗುತ್ತೆ ಮಾವ."

ಮಾವ ಅಲ್ಲಾಡಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡಿತು. ಕತ್ತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ, ಕೊನೆಗೆ ಮೇಲೆದ್ದಿತು. ಮಾವ ಬೋಳು ತುಟಿಯನ್ನು ಒಮ್ಮೆ ಸವರಿಕೊಂಡು, ಅಳಿಯನ ಮುಂಗೈ ಗಟ್ಟಿಯಾಗಿ ಹಿಡಿದರು.

"ಆ ಕತ್ತರಿಸಿದ ಕೂದಲು ಒಂದೆಳೆನೂ ಗುಡಿಸಿ ಹಾಕಬೇಡ," ಎಂದರು. "ಬರೋ ಭಾನುವಾರಕ್ಕೆ ಬೇಕು."